ಕಾರ್ಪೊರೇಟರ್ ಇದ್ದಿದ್ರೆ ನಿಜವಾಗ್ಲೂ ಏನಾಗ್ತಿತ್ತು?

ಮೇಲ್ಮಹಡಿ ಬಾಡಿಗೆಯವಳು ಕೇಳಿದ್ದು:

ನಾನು ಬೆಂಗಳೂರಿಗೆ ಬಂದಿದ್ದು 2021ರಲ್ಲಿ. ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಪಂಚಾಯ್ತಿ ಮೆಂಬರ್ ಯಾರು, ಎಷ್ಟು ಹೊತ್ತಿಗೆ ಮನೆಯಲ್ಲಿ ಸಿಗುತ್ತಾರೆ ಅನ್ನೋದು ಮಕ್ಕಳಿಗೂ ಗೊತ್ತು. ಇಲ್ಲಿ ನಮ್ಮ ವಾರ್ಡಿಂದ ಗೆದ್ದು ಬಂದವರು ಅಂತ ಒಬ್ಬರನ್ನೂ ನಾನು ಕಂಡಿಲ್ಲ. ಹಿಂದಿನವರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತಂತೆ.

ವಿಷಯ ಏನಂದ್ರೆ, ನಮ್ಮ ಗೇಟಿನ ಎದುರಿಗೆ ಒಂದು ಹೊಂಗೆ ಮರ ಇದೆ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿತ್ತು. ಒಂದು ದಿನ ಬೆಳಗ್ಗೆ ಬಂದು ಕಡಿದರು. ಕಡಿದಿದ್ದನ್ನು ಫುಟ್‌ಪಾತ್ ಮೇಲೆ ಎಳೆದು ಹಾಕಿ ಹೋದರು. ಕೇಳಿದರೆ ‘ಕಡಿಯೋದಷ್ಟೇ ನಮ್ಮ ಕೆಲಸ’ ಅಂದರು. ಕಸದ ಆಟೋದವರು ‘ಇದನ್ನ ಹಾಕ್ಕೊಂಡ್ರೆ ಗಾಡಿ ಇಲ್ಲೇ ತುಂಬಿ ಹೋಗುತ್ತೆ ಮೇಡಂ’ ಅಂದರು. ಇನ್ನೊಂದು ಕಡೆ ದೂರು ಕೊಟ್ಟೆ. ಎರಡು ದಿನ ಬಿಟ್ಟು ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಕೊಂಬೆ ಅಲ್ಲೇ ಇದೆ. ಈಗ ಅದರ ಮೇಲೆ ಜನ ಕಸದ ಕವರ್ ಎಸೆಯೋಕೂ ಶುರು ಮಾಡಿದ್ದಾರೆ. ಜತೆಗೆ ಅದೇ ಕಂಬದ ದೀಪ ಅವತ್ತಿಂದ ಉರಿಯುತ್ತಿಲ್ಲ.

ಕೆಳಗಿನ ಮನೆ ಓನರ್ ಆಂಟಿಯದು ಪ್ರತಿ ಸಲವೂ ಒಂದೇ ಮಾತು: ‘ಕಾರ್ಪೊರೇಟರ್ ಇದ್ದಿದ್ರೆ ಹಿಂಗೆ ಆಗ್ತಾನೇ ಇರ್ಲಿಲ್ಲ.’ ನಿಜವಾ? ಅವರ ಕೈಯಲ್ಲಿ ಏನಿತ್ತು? ಪಕ್ಷದ ಜಗಳ ಬೇಡ. ಇದ್ದಾಗ ಹತ್ತಿರದಿಂದ ನೋಡಿದವರು ಯಾರಾದರೂ ಹೇಳಿ.

ಗುಂಡಿ ಗುರುತಿಸುವವ:

ಇದ್ದಾಗ ಹುಟ್ಟುಹಬ್ಬದ ಫ್ಲೆಕ್ಸ್ ಜಾಸ್ತಿ ಇತ್ತು. ನಮ್ಮ ರಸ್ತೆಯಲ್ಲಂತೂ ನನಗೆ ಕಂಡ ವ್ಯತ್ಯಾಸ ಅಷ್ಟೇ. ಗುಂಡಿ ಆಗಲೂ ಇತ್ತು, ಈಗಲೂ ಇದೆ.

ಹಳೇ ರಿಜಿಸ್ಟರ್:

ಮೇಡಂ, 2015ರ ಆಗಸ್ಟ್‌ನಲ್ಲಿ ಪಾಲಿಕೆ ಚುನಾವಣೆ ಆಯಿತಲ್ಲ, ಆಗಿನಿಂದ ಅವಧಿ ಮುಗಿಯುವವರೆಗೆ ನಾನು ಒಬ್ಬ ಕಾರ್ಪೊರೇಟರ್ ಹತ್ತಿರ ಕೆಲಸ ಮಾಡಿದವನು. ಯಾವ ವಾರ್ಡ್, ಯಾವ ಪಕ್ಷ ಅನ್ನೋದನ್ನ ಬಿಡಿ. ಆಫೀಸ್ ಅಂದರೆ ಅವರ ಮನೆ ಕೆಳಗಿನ ಕಾರ್ ಪಾರ್ಕಿಂಗ್. ಒಂದು ಟೇಬಲ್, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಒಂದು ಉದ್ದನೆಯ ರಿಜಿಸ್ಟರ್. ಬಂದವರ ಹೆಸರು, ಅಡ್ಡರಸ್ತೆ, ಫೋನ್ ನಂಬರ್, ಏನು ತೊಂದರೆ, ಯಾರಿಗೆ ಹೇಳಿದ್ದೇವೆ ಅಂತ ಬರೆಯೋದು ನನ್ನ ಕೆಲಸ.

ಮೊದಲು ಒಂದು ಮಾತು. ಆ ರಿಜಿಸ್ಟರ್‌ನಲ್ಲಿ ಮೋರಿ, ದೀಪ, ಗುಂಡಿಗಿಂತ ಬೇರೆಯದೇ ಜಾಸ್ತಿ. ಮಗುವಿಗೆ ಸ್ಕೂಲ್ ಸೀಟ್, ಆಸ್ಪತ್ರೆ ಬಿಲ್ ಕಮ್ಮಿ ಮಾಡಿಸೋಕೆ ಲೆಟರ್, ವಿಧವಾ ವೇತನದ ಅರ್ಜಿ, ರೇಷನ್ ಕಾರ್ಡ್, ಗಂಡ ಹೆಂಡತಿ ಜಗಳ. ಇದರಲ್ಲಿ ಯಾವುದೂ ಪಾಲಿಕೆ ಕೆಲಸ ಅಲ್ಲ. ಆದರೂ ಜನ ಬರುತ್ತಿದ್ದರು. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದಿರುವ ಸರ್ಕಾರ ಅಂದರೆ ಅದೊಂದೇ ಅಲ್ವಾ.

ಈಗ ನಿಮ್ಮ ಕೊಂಬೆಗೆ ಬರೋಣ. ಕಾನೂನಿನ ಪ್ರಕಾರ ಕೇಳಿದರೆ ಕಾರ್ಪೊರೇಟರ್ ಕೈಯಲ್ಲಿ ಏನೂ ಇರಲಿಲ್ಲ ಅಂತಲೇ ಹೇಳಬೇಕು. ತಂತಿಗೆ ತಾಗುವ ಕೊಂಬೆ ಸವರೋದು ಬೆಸ್ಕಾಂ, ಅಂದರೆ ಕರೆಂಟ್ ಕಂಪನಿ. ಮರವನ್ನೇ ತೆಗೆಯೋದಾದರೆ ಪಾಲಿಕೆಯ ಅರಣ್ಯ ವಿಭಾಗ. ಕಸದ ಆಟೋ ಇರೋದು ಮನೆ ಕಸಕ್ಕೆ. ಕಂಬ ಬೆಸ್ಕಾಂನದು, ಅದರ ಮೇಲಿನ ದೀಪ ಪಾಲಿಕೆಯದು. ನೀರು, ಒಳಚರಂಡಿ ಎರಡೂ ಜಲಮಂಡಳಿಯದು. ರಸ್ತೆ ಪಕ್ಕದ ಮೋರಿ ಮಾತ್ರ ಮತ್ತೆ ಪಾಲಿಕೆಯದು. ಬೆಸ್ಕಾಂ, ಜಲಮಂಡಳಿ ಎರಡೂ ಪಾಲಿಕೆ ಕೆಳಗೆ ಬರೋದೇ ಇಲ್ಲ. ಲೈನ್‌ಮನ್‌ಗಾಗಲಿ, ನೀರು ಬಿಡುವ ವಾಲ್ವ್‌ಮನ್‌ಗಾಗಲಿ ‘ಬಾ’ ಅನ್ನೋ ಅಧಿಕಾರ ಕಾರ್ಪೊರೇಟರ್‌ಗೆ ಇರಲಿಲ್ಲ.

ಆದರೂ ಬರುತ್ತಿದ್ದರು. ನಮ್ಮವರು ವಾರಕ್ಕೊಂದು ದಿನ ಬೆಳಗ್ಗೆ ರೌಂಡ್ಸ್ ಹೊರಡುತ್ತಿದ್ದರು. ಹಿಂದಿನ ರಾತ್ರಿ ನಾನು ಎಲ್ಲರಿಗೂ ಫೋನ್ ಮಾಡಬೇಕು. ವಾರ್ಡ್ ಇಂಜಿನಿಯರ್, ಹೆಲ್ತ್ ಇನ್‌ಸ್ಪೆಕ್ಟರ್, ಪೌರಕಾರ್ಮಿಕರ ಮೇಸ್ತ್ರಿ, ಬೆಸ್ಕಾಂ ಲೈನ್‌ಮನ್, ಜಲಮಂಡಳಿಯ ಒಬ್ಬರು, ಬೀದಿದೀಪದ ಕಾಂಟ್ರಾಕ್ಟರ್ ಕಡೆ ಹುಡುಗ. ಎಲ್ಲರೂ ಬರುತ್ತಿರಲಿಲ್ಲ, ಮುಕ್ಕಾಲು ಜನ ಬಂದರೆ ಸಾಕು. ನಿಮ್ಮ ಗೇಟಿನ ಎದುರು ಇಷ್ಟು ಜನ ಒಟ್ಟಿಗೆ ನಿಂತರೆ ‘ಇದು ನಮ್ಮದಲ್ಲ ಸಾರ್, ಅವರದು’ ಅನ್ನೋಕೆ ಆಗಲ್ಲ. ಯಾಕಂದ್ರೆ ‘ಅವರು’ ಅಲ್ಲೇ ಪಕ್ಕದಲ್ಲಿ ಟೀ ಕುಡಿಯುತ್ತಾ ನಿಂತಿರುತ್ತಾರೆ! ಚರಂಡಿ ಹೂಳು ಸಾಗಿಸೋ ಟ್ರ್ಯಾಕ್ಟರ್ ಖಾಲಿ ವಾಪಸ್ ಬರುವಾಗ ನಿಮ್ಮ ಕೊಂಬೆ ಹೇರಿಕೊಂಡು ಹೋಗುತ್ತಿತ್ತು. ದಪ್ಪ ಕೊಂಬೆಯಾದರೆ ಟ್ರ್ಯಾಕ್ಟರ್ ಬರೋದೂ ಬೇಕಿರಲಿಲ್ಲ, ಹಂಡೆ ಒಲೆ ಇರುವ ಮನೆಯವರು ರಾತ್ರಿಯೇ ಎಳೆದುಕೊಂಡು ಹೋಗಿಬಿಡುತ್ತಿದ್ದರು.

ಯಾಕೆ ಬರುತ್ತಿದ್ದರು ಅಂದರೆ, ಒಂದು, ಪಾಲಿಕೆ ಸಭೆ. ಅಲ್ಲಿ ಎದ್ದು ನಿಂತು ‘ನಮ್ಮ ವಾರ್ಡಿನ ಇಂಜಿನಿಯರ್ ಫೋನೇ ಎತ್ತಲ್ಲ’ ಅಂತ ಮೇಯರ್ ಎದುರು ಕೂಗಿದರೆ ಮಾರನೇ ದಿನ ಪೇಪರಿನಲ್ಲಿ ಬರುತ್ತಿತ್ತು. ಎರಡು, ಕಾಂಟ್ರಾಕ್ಟರ್ ಬಿಲ್. ಕೆಲಸ ಸರಿ ಇಲ್ಲ ಅಂತ ಕಾರ್ಪೊರೇಟರ್ ತಕರಾರು ತೆಗೆದರೆ ಫೈಲ್ ಮುಂದೆ ಹೋಗೋದು ಕಷ್ಟ. ಮೂರನೆಯದನ್ನು ಬರೆಯಬಾರದು, ಆದರೂ ಎಲ್ಲರಿಗೂ ಗೊತ್ತು: ವರ್ಗಾವಣೆ.

ಇನ್ನು ಕೆಟ್ಟದ್ದನ್ನೂ ಹೇಳಿಬಿಡುತ್ತೇನೆ, ಗುಂಡಿ ಸಾರ್ ಸುಮ್ನೆ ಬೈದಿಲ್ಲ. ವಾರ್ಡ್ ಅನುದಾನದ ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅನ್ನೋದನ್ನ ಭೂಗರ್ಭ ತಜ್ಞರೇನೂ ತೀರ್ಮಾನ ಮಾಡುತ್ತಿರಲಿಲ್ಲ. ಮನೆ ಕಟ್ಟುವವರು ರಸ್ತೆಯಲ್ಲಿ ಮರಳು, ಜಲ್ಲಿ ಸುರಿದರೆ ಯಾರೋ ಒಬ್ಬ ಬೈಕಿನಲ್ಲಿ ಬಂದು ವಿಚಾರಿಸುತ್ತಿದ್ದ. ಆ ‘ವಿಚಾರಣೆ’ ಏನು ಅಂತ ಮನೆ ಕಟ್ಟಿದವರಿಗೆ ಗೊತ್ತು. ನಿಮಗೆ ಬೇಜಾರಾಗುವ ಒಂದು ವಿಷಯವೂ ಇದೆ. ನಮ್ಮಲ್ಲಿ ಮೊದಲ ಪ್ರಶ್ನೆ ‘ವೋಟರ್ ಐಡಿ ಇಲ್ಲೀದಾ?’. ಬಾಡಿಗೆಯವರು, ವೋಟು ಊರಿನಲ್ಲಿದೆ ಅಂದರೆ ಅವರ ದೂರು ಪುಟದ ಕೆಳಗೆ ಹೋಗುತ್ತಿತ್ತು. ನೀವು ಬಂದಿದ್ದರೂ ಓನರ್ ಆಂಟಿಯನ್ನು ಕರಕೊಂಡು ಬನ್ನಿ ಅಂತಲೇ ಹೇಳುತ್ತಿದ್ದೆವು.

ಅಂದರೆ ಆಂಟಿ ಹೇಳೋದು ಅರ್ಧ ನಿಜ. ಕೊಂಬೆ ಹೋಗುತ್ತಿತ್ತು, ಆದರೆ ಆಂಟಿ ಕೇಳಿದ್ದಕ್ಕೆ.

ವಾರ್ಡ್ ಕಮಿಟಿ ಸುಧಕ್ಕ:

ರಿಜಿಸ್ಟರ್ ಅಣ್ಣ ಹೇಳಿದ್ದು ಸರಿ ಇದೆ, ಆದರೆ ನನಗೆ ಆ ರೌಂಡ್ಸ್ ದರ್ಬಾರಿನ ಮೇಲೆ ಅಷ್ಟು ಪ್ರೀತಿ ಇಲ್ಲ. ನಮ್ಮದು ಮಹಿಳಾ ಮೀಸಲು ವಾರ್ಡ್. ಅರ್ಧ ಸೀಟು ಹೆಂಗಸರಿಗೆ ಅಂತ ಆಯಿತಲ್ಲ. ಗೆದ್ದಿದ್ದು ಹೆಂಡತಿ, ರೌಂಡ್ಸ್ ಹೊರಡುತ್ತಿದ್ದಿದ್ದು ಗಂಡ. ಫೋನ್ ಎತ್ತುತ್ತಿದ್ದಿದ್ದೂ ಗಂಡ.

ನನಗೆ ಉಪಯೋಗ ಅನಿಸಿದ್ದು ವಾರ್ಡ್ ಕಮಿಟಿ. ಕಾನೂನಿಗೆ 2011ರಲ್ಲಿ ತಿದ್ದುಪಡಿ ತಂದು, ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಹತ್ತು ಜನ ನಿವಾಸಿಗಳು ಇರಬೇಕು, ಅದರಲ್ಲಿ ಮೂವರಾದರೂ ಹೆಂಗಸರು ಅಂತ ಮಾಡಿದರು. ಆಮೇಲೆ ವರ್ಷಗಟ್ಟಲೆ ಅದು ಕಾಗದದ ಮೇಲೇ ಇತ್ತು. ಹೈಕೋರ್ಟ್ ಚುರುಕು ಮುಟ್ಟಿಸಿದ ಮೇಲೆ ಒಂದೊಂದೇ ವಾರ್ಡಿನಲ್ಲಿ ಸಭೆ ಶುರುವಾಯಿತು. ನಾನು ಆ ಹತ್ತರಲ್ಲಿ ಒಬ್ಬಳು.

ಮೊದಮೊದಲು ಬರೀ ಕಾಫಿ, ಬಿಸ್ಕೆಟ್, ಹೂಗುಚ್ಛ. ಆಮೇಲೆ ಒಬ್ಬ ರಿಟೈರ್ಡ್ ಬ್ಯಾಂಕಿನವರು ಮಿನಿಟ್ಸ್ ಬರೆಯೋಕೆ ಕೂತರು. ‘ಚರಂಡಿ ಸರಿ ಮಾಡುತ್ತೇವೆ’ ಅಂತ ಇಂಜಿನಿಯರ್ ಅಂದರೆ ‘ಜಾಬ್ ಕೋಡ್ ಹೇಳಿ, ಬರಕೊಳ್ತೀನಿ’ ಅನ್ನುತ್ತಿದ್ದರು. ಜಾಬ್ ಕೋಡ್ ಇಲ್ಲ ಅಂದರೆ ಆ ಕೆಲಸ ಮಂಜೂರೇ ಆಗಿಲ್ಲ ಅಂತ ಅರ್ಥ. ಇದ್ದರೆ ಎಷ್ಟು ದುಡ್ಡು, ಯಾವ ಕಾಂಟ್ರಾಕ್ಟರ್, ಬಿಲ್ ಆಯಿತಾ ಇಲ್ಲವಾ, ಎಲ್ಲ ಹೊರಗೆ ಬರುತ್ತೆ. ಒಂದು ಸಲ ನಮ್ಮ ರಸ್ತೆಯ ಚಪ್ಪಡಿ ಹಾಕಿದ್ದೇವೆ ಅಂತ ಹೇಳಿದರು. ಕಮಿಟಿಯವರೆಲ್ಲ ಎದ್ದು ಅಲ್ಲಿಗೇ ನಡಕೊಂಡು ಹೋದೆವು. ಚಪ್ಪಡಿ ಇತ್ತು. ಆದರೆ ಅಂಗಡಿ ಮುಂದೆ ಮಾತ್ರ! ಮನೆಗಳ ಮುಂದೆ ಮೋರಿ ಬಾಯಿ ತೆರೆದುಕೊಂಡೇ ಇತ್ತು. ಮುಂದಿನ ತಿಂಗಳ ಮಿನಿಟ್ಸ್‌ನಲ್ಲಿ ಆ ವಿಷಯ ಮೊದಲನೇ ಸಾಲಿನಲ್ಲೇ ಬಂತು.

2020ರ ನಂತರ ಕಾರ್ಪೊರೇಟರ್ ಜಾಗಕ್ಕೆ ನೋಡಲ್ ಅಧಿಕಾರಿ ಬಂದು ಕೂತರು. ಪಾಪ, ಒಳ್ಳೆಯವರೇ. ಆದರೆ ಅವರು ನಮ್ಮ ಏರಿಯಾದಲ್ಲಿ ಇರೋರಲ್ಲ, ನಮ್ಮ ವೋಟು ಅವರಿಗೆ ಬೇಕಿಲ್ಲ. ಸಭೆಗೆ ಬರುವವರು ಕಮ್ಮಿಯಾದರು.

ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಇದೆ, 243ಯು ವಿಧಿ. ನಮ್ಮೂರಿಗೆ ಇದು ಹೊಸದೂ ಅಲ್ಲ. 2006ರ ಕೊನೆಯಿಂದ 2010ರ ಮಾರ್ಚ್ ಚುನಾವಣೆಯವರೆಗೂ ಹೀಗೇ ಆಡಳಿತಾಧಿಕಾರಿ ಕಾಲ ಇತ್ತು. ಆಗ 198 ವಾರ್ಡ್ ಆಯಿತು. ಆಮೇಲೆ 243 ಅಂದರು, 225 ಅಂದರು. 2025ರಲ್ಲಿ ಐದು ಪಾಲಿಕೆ ಆಗಿ ವಾರ್ಡ್ 369ಕ್ಕೆ ಬಂದು ನಿಂತಿದೆ. ಪ್ರತಿ ಸಲ ಗೆರೆ ಎಳೆಯೋದರಲ್ಲೇ ವರ್ಷ ಕಳೀತು.

ಹುಬ್ಬಳ್ಳಿ ಮಂದಿ:

ನಮ್ಮ ಕಡೆ ಕಥೆನೂ ಸ್ವಲ್ಪ ಕೇಳಿ. ಹುಬ್ಬಳ್ಳಿ-ಧಾರವಾಡದಲ್ಲಿ 82 ವಾರ್ಡ್. ಹಿಂದಿನ ಅವಧಿ 2019ರಲ್ಲಿ ಮುಗಿಯಿತು, ಚುನಾವಣೆ ಆಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಗೆದ್ದವರಿಗೆ ಹಾರ ಹಾಕಿದ್ದೂ ಆಯಿತು, ಪಟಾಕಿ ಹೊಡೆದಿದ್ದೂ ಆಯಿತು. ಮೇಯರ್ ಆಯ್ಕೆ ಆಗಿದ್ದು ಮಾತ್ರ 2022ರ ಮೇ ತಿಂಗಳಲ್ಲಿ! ಅಲ್ಲಿವರೆಗೂ ನಮ್ಮ ಸದಸ್ಯರು ಗೆದ್ದೂ ಕೆಲಸ ಇಲ್ಲದೆ ಓಡಾಡಿದರು ನೋಡ್ರಿ. ಕೇಳಿದರೆ ‘ಇನ್ನೂ ಸಭೆನೇ ಕೂಡಿಲ್ಲರೀ, ನಾ ಏನ್ ಮಾಡ್ಲಿ’.

ಆದರೂ ಮಂದಿ ಅವರ ಮನೆಗೇ ಹೋಗೋದು. ನೀರು ಬರೋ ದಿನ ತಪ್ಪಿತು ಅಂದರೆ ನಮ್ಮ ಓಣಿ ಹೆಂಗಸರು ಕೊಡ ಹಿಡಕೊಂಡು ಸದಸ್ಯರ ಬಾಗಿಲಿಗೇ ನಿಲ್ಲುತ್ತಾರೆ. ನೀರು ಬಿಡುವವರು ಬೇರೆ, ಇವರು ಬೇರೆ ಅಂತ ಎಲ್ಲರಿಗೂ ಗೊತ್ತದ. ಸಿಗೋರು ಇವರೊಬ್ಬರೇ, ಅದಕ್ಕೆ. ನಿಮಗೆ ಬೈಯಕ್ಕಾದರೂ ಯಾರೂ ಇಲ್ಲ.

ಮೇಲ್ಮಹಡಿ ಬಾಡಿಗೆಯವಳು:

ಎಲ್ಲರಿಗೂ ಥ್ಯಾಂಕ್ಸ್. ರಿಜಿಸ್ಟರ್ ಸಾರ್, ಓದಿ ನಗು ಬಂತು, ಸ್ವಲ್ಪ ಕೋಪವೂ ಬಂತು. ವೋಟ್ ಇಲ್ಲಿಗೆ ಬದಲಾಯಿಸಿಕೊಳ್ಳೋಕೆ ಅರ್ಜಿ ಹಾಕುತ್ತೇನೆ, ಅದು ಬೇರೆ ಮಾತು. ಆದರೆ ಸದ್ಯಕ್ಕೆ ಕಾರ್ಪೊರೇಟರೂ ಇಲ್ಲ, ರೌಂಡ್ಸೂ ಇಲ್ಲ. ಈ ಕೊಂಬೆ ತೆಗೆಸೋಕೆ, ದೀಪ ಉರಿಸೋಕೆ ನಾನು ಈಗ ಏನು ಮಾಡಲಿ?

ಹಳೇ ರಿಜಿಸ್ಟರ್:

ಕೊಂಬೆಗೆ: ನಿಮ್ಮ ಏರಿಯಾದಲ್ಲಿ ಪೌರಕಾರ್ಮಿಕರು ಬೆಳಗ್ಗೆ ಹಾಜರಿ ಕೊಡೋ ಜಾಗ ಒಂದಿರುತ್ತೆ. ರಸ್ತೆ ಗುಡಿಸೋ ಅಕ್ಕಂದಿರನ್ನು ಕೇಳಿದರೆ ತೋರಿಸುತ್ತಾರೆ. ಆರೂವರೆ ಹೊತ್ತಿಗೆ ಹೋಗಿ. ಮೇಸ್ತ್ರಿ ಅಲ್ಲೇ ಇರುತ್ತಾರೆ. ‘ಮರದ ಕೊಂಬೆ ಬಿದ್ದಿದೆ’ ಅನ್ನಬೇಡಿ, ಅದಕ್ಕೆ ‘ನಮ್ಮದಲ್ಲ’ ಅನ್ನೋ ಉತ್ತರ ರೆಡಿ ಇದೆ. ‘ನಮ್ಮ ಗೇಟಿನ ಮುಂದೆ ಬ್ಲಾಕ್ ಸ್ಪಾಟ್ ಆಗುತ್ತಾ ಇದೆ’ ಅನ್ನಿ. ಕಸ ಬೀಳೋ ಜಾಗ ಹೊಸದಾಗಿ ಹುಟ್ಟಿದರೆ ಅವರಿಗೂ ಮೇಲಿನಿಂದ ಬೈಗುಳ ಬೀಳುತ್ತೆ. ಫೋಟೋ ತೆಗೆಯುವಾಗ ಕೊಂಬೆ ಜತೆ ಆ ಕಸದ ಕವರ್‌ಗಳೂ ಕಾಣೋ ಹಾಗೆ ತೆಗೆಯಿರಿ. ಪಾಲಿಕೆ ಸಹಾಯವಾಣಿ 1533ಕ್ಕೂ ಹೊಸದಾಗಿ ಇದೇ ಮಾತಿನಲ್ಲಿ ದೂರು ಕೊಡಿ, ಹಳೆಯ ದೂರಿನ ನಂಬರ್ ಹೇಳಿ, ‘ಪರಿಹರಿಸದೆ ಮುಚ್ಚಿದ್ದಾರೆ’ ಅಂತ ಸೇರಿಸಿ.

ದೀಪಕ್ಕೆ: ರಾತ್ರಿ ಒಂದು ಸಲ ನೋಡಿ ಹೇಳಿ. ಆ ಸಾಲಿನ ಎಲ್ಲ ದೀಪ ಆರಿವೆಯಾ, ಅದೊಂದೇನಾ? ಸಾಲಿಗೆ ಸಾಲೇ ಆರಿದ್ದರೆ ಸ್ವಿಚ್ ಇರೋ ಬಾಕ್ಸ್ ಹತ್ತಿರ ತೊಂದರೆ ಇರಬಹುದು. ಅದೊಂದೇ ಆದರೆ ಕೊಂಬೆ ಬೀಳುವಾಗ ದೀಪಕ್ಕೆ ಹೋಗೋ ವೈರ್ ಕಿತ್ತುಹೋಗಿರುತ್ತೆ. ನನಗೆ ಅದೇ ಅನುಮಾನ. ಹಾಗಿದ್ದರೆ ಕಂಬ ನಂದು, ದೀಪ ನಿಂದು ಅನ್ನೋ ಜಗಳ ಗ್ಯಾರಂಟಿ. ಬೆಸ್ಕಾಂ ಸಹಾಯವಾಣಿ 1912ಕ್ಕೂ ಫೋನ್ ಮಾಡಿ, 1533ಕ್ಕೂ ಮಾಡಿ, ಇಬ್ಬರಿಗೂ ಇನ್ನೊಬ್ಬರ ದೂರಿನ ನಂಬರ್ ಕೊಡಿ. ವೈರ್ ಜೋತಾಡುತ್ತಿದ್ದರೆ ಮಾತ್ರ ಇದೆಲ್ಲ ಕಾಯಬೇಡಿ, ಮೊದಲು 1912. ಯಾರೂ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.

ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಇರುತ್ತೆ, ಅದನ್ನ ಬರಕೊಳ್ಳಿ. ನಂಬರ್ ಇಲ್ಲದ ದೂರನ್ನು ‘ಜಾಗ ಸಿಗಲಿಲ್ಲ’ ಅಂತ ಮುಚ್ಚೋದು ಸುಲಭ. ಮತ್ತೆ, ಫೋನ್ ಮಾಡುವಾಗ ಆಂಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಗಂಟಲು ಈಗಲೂ ಕೆಲಸಕ್ಕೆ ಬರುತ್ತೆ.

ಮೇಲ್ಮಹಡಿ ಬಾಡಿಗೆಯವಳು:

ಅದೊಂದೇ ದೀಪ ಸಾರ್, ಪಕ್ಕದ ಕಂಬದ್ದು ಉರಿಯುತ್ತಿದೆ. ವೈರ್ ಜೋತಾಡುತ್ತಿಲ್ಲ, ಕಂಬಕ್ಕೇ ಸುತ್ತಿಟ್ಟಿದ್ದಾರೆ. ನಂಬರಿನಲ್ಲಿ ಕೊನೆಯ ಎರಡು ಅಂಕಿ ಮೇಲೆ ಪೇಯಿಂಗ್ ಗೆಸ್ಟ್ ಪೋಸ್ಟರ್ ಅಂಟಿಸಿದ್ದಾರೆ. ಕಿತ್ತು ನೋಡಿ ಹಾಕುತ್ತೇನೆ.