ಐದನೆಯ ಪಿಚರ್ ಬೇಕೇ, ಓಪನರ್ ಸಾಕೇ?

ಎಡಗೈ ಶಾನುಭೋಗ: ದಿನಕ್ಕೊಬ್ಬರಂತೆ ಪಂದ್ಯ ಆರಂಭಿಸುವ ಐವರು ಪಿಚರ್‌ಗಳ (ಚೆಂಡೆಸೆಯುವವರ) ಸರದಿಯಲ್ಲಿ ಮೊದಲ ಮೂವರು ಹೇಗೋ ಸಿಕ್ಕಿಬಿಡುತ್ತಾರೆ, ನಾಲ್ಕನೆಯವನು, ಐದನೆಯವನು ಯಾರೆಂಬುದೇ ಬೇಸ್‌ಬಾಲ್ ತಂಡಗಳ ತಲೆನೋವು. 2018ರಲ್ಲಿ ಟ್ಯಾಂಪಾ ಬೇ ರೇಸ್ ತಂಡ ಕಂಡುಕೊಂಡ “ಓಪನರ್” ಉಪಾಯವೇ, ಅಂದರೆ ಒಬ್ಬನನ್ನು ಆರಂಭದಲ್ಲಿ ಸ್ವಲ್ಪ ಹೊತ್ತಿಗಷ್ಟೇ ಇಳಿಸಿ ಉಳಿದ ಬಹುಪಾಲನ್ನು ಇನ್ನೊಬ್ಬನಿಗೆ ಬಿಡುವುದೇ, ಸರಿಯೆಂದು ನನ್ನ ವಾದ. ಆ ಮೇ 19ರಂದು ಏಂಜೆಲ್ಸ್ ಎದುರು, ಸಾಮಾನ್ಯವಾಗಿ ಪಂದ್ಯದ ಕೊನೆಗೆ ಬರುತ್ತಿದ್ದ ಸೆರ್ಜಿಯೋ ರೋಮೋ ಮೊದಲೇ ಬಂದು, ಕೊಝಾರ್ಟ್, ಟ್ರೌಟ್, ಅಪ್ಟನ್ ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿ ಹೊರಟುಹೋದ. ಮೂವರೂ ಬಲಗೈ ಬ್ಯಾಟರ್‌ಗಳು. ಅವನ ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) ಅಂಥವರಿಗೆಂದೇ ಇದ್ದದ್ದು. ಆಮೇಲೆ ಬಂದ ಎಡಗೈ ಪಿಚರ್ ರಯಾನ್ ಯಾರ್ಬರೋ ಪಂದ್ಯದ ಒಂಬತ್ತರಲ್ಲಿ ಆರಕ್ಕೂ ಹೆಚ್ಚು ಇನ್ನಿಂಗ್ಸ್ ನಿಭಾಯಿಸಿದ.

ಹಳೆಯ ಗ್ಲವ್: “ಉಪಾಯ” ಎಂದಿರಿ. ಮನೆಯಲ್ಲಿ ಅಕ್ಕಿ ಇಲ್ಲದವರು ಗಂಜಿಗೆ ಔಷಧಿಯ ಹೆಸರಿಟ್ಟಂತಾಯಿತು. ಅದೇ ವರ್ಷ ಅಕ್ಟೋಬರ್ 3ರ ವೈಲ್ಡ್ ಕಾರ್ಡ್ ಪಂದ್ಯದಲ್ಲಿ (ಸೋತವರು ಹೊರಗೆ) ಓಕ್‌ಲ್ಯಾಂಡ್ ಇದನ್ನೇ ಅನುಸರಿಸಿ ಲಿಯಾಮ್ ಹೆಂಡ್ರಿಕ್ಸ್‌ನನ್ನು ಮೊದಲು ಇಳಿಸಿತು. ಮೊದಲ ಇನ್ನಿಂಗ್ಸ್‌ನಲ್ಲೇ ಎದುರಾಳಿ ಯಾಂಕೀಸ್‌ನ ಆರನ್ ಜಡ್ಜ್ ಎರಡು ರನ್‌ಗಳ ಹೋಮ್ ರನ್ ಬಾರಿಸಿದ, ಯಾಂಕೀಸ್ 7-2ರಿಂದ ಗೆದ್ದಿತು.

ಎಡಗೈ ಶಾನುಭೋಗ: ಗಂಜಿ ಕುಡಿದೇ ರೇಸ್ 90 ಪಂದ್ಯ ಗೆದ್ದಿತಲ್ಲ! ಯಾರ್ಬರೋ ಒಬ್ಬನ ಹೆಸರಿನಲ್ಲೇ 16 ಗೆಲುವುಗಳಿವೆ.

ಹಳೆಯ ಗ್ಲವ್: ಆ 16 ನಿಯಮದ ಕೊಡುಗೆ. ಮೊದಲು ಬಂದವನು ಐದು ಇನ್ನಿಂಗ್ಸ್ ಮುಗಿಸದಿದ್ದರೆ ಗೆಲುವನ್ನು ಅವನ ಹೆಸರಿಗೆ ಬರೆಯುವುದಿಲ್ಲ, ಆಮೇಲೆ ಬಂದವನಿಗೆ ಆ ಷರತ್ತೇ ಇಲ್ಲ. ಆ ವರ್ಷ ಯಾರ್ಬರೋ ಸ್ಟಾರ್ಟರ್ ಆಗಿ, ಅಂದರೆ ಪಂದ್ಯ ಆರಂಭಿಸುವವನಾಗಿ, ಆಡಿದ್ದು ಆರೇ ಪಂದ್ಯ. ಪಿಚರ್‌ನ ಗೆಲುವನ್ನು ಎಣಿಸುವುದು ಅರ್ಥವಿಲ್ಲದ ಲೆಕ್ಕ. ಆ 90ಕ್ಕೆ ನಿಜವಾದ ಕಾರಣ ಪಕ್ಕಾ ಸ್ಟಾರ್ಟರ್ ಆಗಿದ್ದ ಬ್ಲೇಕ್ ಸ್ನೆಲ್, ಅವನು 21 ಗೆದ್ದ.

ತುಮಕೂರು ತಿರುಗುಬಾಣ: ಯಾರ್ಬರೋ ಗೆದ್ದರೆ ಅರ್ಥವಿಲ್ಲದ ಲೆಕ್ಕ, ಎರಡೇ ಸಾಲು ದಾಟುವಷ್ಟರಲ್ಲಿ ಸ್ನೆಲ್ ಗೆದ್ದರೆ ನಿಜವಾದ ಕಾರಣ! ಸ್ವಾಮಿ, ತಾವು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದೀರಿ?

ಹಳೆಯ ಗ್ಲವ್: ಸ್ನೆಲ್‌ನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಪಿಚರ್‌ನ ಲೆಕ್ಕಕ್ಕೆ ಬರುವ ರನ್, ಕಡಿಮೆಯಾದಷ್ಟೂ ಒಳ್ಳೆಯದು) 1.89, ಯಾರ್ಬರೋನದು 3.91. ತಕ್ಕಡಿ ಇದೇ. ಮಾತಿನ ನಡುವೆ ಬಾಯಿ ಹಾಕುವವರು ಮೊದಲು ಓದುವುದನ್ನು ಕಲಿಯಲಿ.

ತುಮಕೂರು ತಿರುಗುಬಾಣ: ಓದಿದ್ದಕ್ಕೇ ಸಿಕ್ಕಿಬಿದ್ದಿರಿ. 21 ಎಂದು ಬರೆದದ್ದು ನಿಮ್ಮ ಕೈಯೇ.

ಎಡಗೈ ಶಾನುಭೋಗ: 3.91 ಎಂದರೆ ಐದನೆಯ ಪಿಚರ್‌ನಿಂದ ಇನ್ನೇನು ಬೇಕು? ಅದೂ 147 ಇನ್ನಿಂಗ್ಸ್ ಎಸೆದು. ಬ್ಯಾಟರ್ ಅದೇ ಪಿಚರ್‌ನನ್ನು ಮೂರನೆಯ ಸಲ ಎದುರಿಸುವಾಗ ಅವನ ಕಣ್ಣು, ಕೈ ಎರಡೂ ಪಳಗಿರುತ್ತವೆ. ಓಪನರ್ ಮೊದಲ ಮೂವರನ್ನು ಮುಗಿಸಿಕೊಟ್ಟರೆ ಎರಡನೆಯವನ ಎಣಿಕೆ ನಾಲ್ಕನೆಯ ಬ್ಯಾಟರ್‌ನಿಂದ ಶುರುವಾಗುತ್ತದೆ, ಬಲಿಷ್ಠರಾದ ಆ ಮೂವರು ಅವನನ್ನು ಮೂರನೆಯ ಸಲ ಕಾಣುವಷ್ಟರಲ್ಲಿ ಅವನ ದಿನದ ಕೆಲಸವೇ ಮುಗಿದಿರುತ್ತದೆ.

ಮೂರನೇ ಬೇಸ್: “ಮುಗಿಸಿಕೊಟ್ಟರೆ” ಎಂಬ ಆ “ರೆ” ಎಷ್ಟು ದುಬಾರಿ ಎಂದು ಬುಲ್‌ಪೆನ್ (ಪಂದ್ಯದ ನಡುವೆ ಬರುವ ಪಿಚರ್‌ಗಳ) ಕೋಚ್‌ಗಳನ್ನು ಕೇಳಿ. 2022ರ ಮಧ್ಯದಿಂದ ತಂಡದಲ್ಲಿ ಪಿಚರ್‌ಗಳು ಹದಿಮೂರು ಮಂದಿಯಷ್ಟೇ ಇರಬೇಕು. ಐದು ದಿನಕ್ಕೆರಡು ಸಲ ಓಪನರ್ ಎಂದರೆ ಉಳಿದವರ ಭುಜ ಯಾವ ಲೋಹದ್ದು?

ಎಡಗೈ ಶಾನುಭೋಗ: ಹದಿಮೂರರ ನಿಯಮ 2018ರಲ್ಲಿ ಇರಲೇ ಇಲ್ಲ.

ಮೂರನೇ ಬೇಸ್: ಈಗ ಇದೆ. ಪಿಚರ್‌ನನ್ನು ಈಗ ಹುಡುಕುವುದೋ, 2018ಕ್ಕೆ ಹೋಗಿ ಹುಡುಕುವುದೋ?

ಹಳೆಯ ಗ್ಲವ್: ಅಂತೂ ಒಬ್ಬರಾದರೂ ನನ್ನ ಪಕ್ಷಕ್ಕೆ ಬಂದರು.

ಮೂರನೇ ಬೇಸ್: ನಾನು ಯಾರ ಪಕ್ಷಕ್ಕೂ ಬಂದಿಲ್ಲ. 3.91 ಕೊಡುವ ಐದನೆಯವನು ಸಿಕ್ಕರೆ, ಮೊದಲೇ ಬರಲಿ, ಎರಡನೆಯವನಾಗಿಯೇ ಬರಲಿ, ಕಣ್ಣು ಮುಚ್ಚಿಕೊಂಡು ಸಹಿ ಹಾಕಿಸಿಕೊಳ್ಳುತ್ತೇನೆ.

ತುಮಕೂರು ತಿರುಗುಬಾಣ: 21ರ ವಿಚಾರಕ್ಕೆ ಉತ್ತರ ಇನ್ನೂ ಬಂದಿಲ್ಲ.