ಅಪ್ಪನ 486 ಕಂಪ್ಯೂಟರ್: ಫ್ಯಾನ್ ತಿರುಗುತ್ತದೆ, ಬೀಪ್ ಇಲ್ಲ

ಪ್ರಶ್ನೆ:
1995ರಲ್ಲಿ ಅಪ್ಪ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿ ತಂದ 486 ಡಿಎಕ್ಸ್2 ಪ್ರೊಸೆಸರಿನ ಕಂಪ್ಯೂಟರ್ ಇದು. ತಿಪಟೂರಿನಲ್ಲಿ ಇದರಲ್ಲೇ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಆಮೇಲೆ ಅಟ್ಟ ಸೇರಿತು. ಈಗ ಪವರ್ ಕೊಟ್ಟರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಒಂದು ಬೀಪೂ ಇಲ್ಲ. ರ‍್ಯಾಮ್ ತೆಗೆದು, ಒರೆಸಿ ಹಾಕಿದ್ದಾಯ್ತು. ಕೀಬೋರ್ಡ್ ಸಾಕೆಟ್ ಪಕ್ಕದ ಪುಟ್ಟ ಬ್ಯಾಟರಿ ಸುತ್ತ ಹಿತ್ತಾಳೆ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು. ಅಂಗಡಿಯಲ್ಲಿ ‘ಗುಜರಿಗೆ ಹಾಕಿ’ ಅಂದರು. ನನಗೆ ಮನಸ್ಸಿಲ್ಲ. ಅಪ್ಪನಿಗೆ ಈಗ 76. ಇದು ಆನ್ ಆಗೋದನ್ನು ಅವರು ನೋಡಬೇಕು.

ಉತ್ತರ 1:
ಮೇಡಂ, ಮೊದಲು ಪವರ್ ಕೊಡೋದು ನಿಲ್ಲಿಸಿ. ಅದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರಬೇಕು, ಸೋರಿದೆ. ಕೈಗವಸು ಹಾಕಿಕೊಂಡು ಕತ್ತರಿಸಿ ತೆಗೆಯಿರಿ. ಸೋರಿದ್ದು ಆಸಿಡ್ ಅಲ್ಲ, ಕ್ಷಾರ. ಅಡುಗೆ ಸೋಡಾದಿಂದ ಪ್ರಯೋಜನವಿಲ್ಲ. ಬಿಳಿ ವಿನೆಗರ್ ಹಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಎರಡು ದಿನ ಚೆನ್ನಾಗಿ ಒಣಗಿಸಿ.

ಆಮೇಲೆ ತಾಳ್ಮೆಯ ಕೆಲಸ. ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಗೆರೆ ಕಡಿಯದಿದ್ದರೆ ಸದ್ದು ಮಾಡುವ ಸೆಟ್ಟಿಂಗ್) ಇಟ್ಟು, ಕಿಲುಬು ಹಿಡಿದ ಕಡೆ ಒಂದೊಂದೇ ತಾಮ್ರದ ಗೆರೆ ಪರೀಕ್ಷಿಸಿ. 40 ಕಾಲಿನ ಕೀಬೋರ್ಡ್ ಕಂಟ್ರೋಲರ್ ಚಿಪ್ ಸಾಮಾನ್ಯವಾಗಿ ಅಲ್ಲೇ ಹತ್ತಿರ ಇರುತ್ತದೆ. ಅದು ಉತ್ತರ ಕೊಡದಿದ್ದರೆ ಮದರ್‌ಬೋರ್ಡ್ ಮುಂದಕ್ಕೇ ಹೋಗದೆ ನಿಲ್ಲಬಹುದು.

ಉತ್ತರ 2:
ಮತ್ತೆ ಜೋಡಿಸುವಾಗ ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವ ಪಿ8, ಪಿ9 ಪ್ಲಗ್‌ಗಳ ಕಪ್ಪು ವೈರ್‌ಗಳು ನಡುವೆ ಅಕ್ಕಪಕ್ಕ ಬರಲೇಬೇಕು. ಅದಲುಬದಲಾದರೆ ಬೋರ್ಡ್ ಸುಡುತ್ತದೆ. ಹಳೇ ಬ್ಯಾಟರಿ ಜಾಗಕ್ಕೆ ಸಿಆರ್2032 ಸೆಲ್ (ನಾಣ್ಯದಂಥ ಲಿಥಿಯಂ ಬ್ಯಾಟರಿ) ನೇರವಾಗಿ ಹಾಕಬೇಡಿ. ಅಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ, ಲಿಥಿಯಂ ಸೆಲ್‌ಗೆ ಚಾರ್ಜ್ ಹೋಗಬಾರದು. ನಡುವೆ ಒಂದು ಡಯೋಡ್ ಹಾಕಿ, ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಪ್ರಶ್ನೆ ಕೇಳಿದವರು:
ಕಂಟ್ರೋಲರ್ ಹತ್ತಿರ ಎರಡು ಗೆರೆ ಕಡಿದಿದ್ದವು. ಬರಿಗಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದವು, ಮೀಟರ್ ಮಾತ್ರ ಸುಮ್ನಿತ್ತು. ಕೂದಲೆಳೆಯಂಥ ವೈರ್ ಬೆಸೆದೆ. ನಿನ್ನೆ ರಾತ್ರಿ ಒಂದು ಬೀಪ್ ಬಂತು, ಮೆಮೊರಿ ಎಣಿಸಿತು! ಬ್ಯಾಟರಿ ಉಳಿಸಿಕೊಳ್ಳುತ್ತಿದ್ದ ಸೆಟ್ಟಿಂಗ್ಸ್ ಎಲ್ಲ ಅಳಿಸಿಹೋಗಿವೆ, ಅದು ಗೊತ್ತಿದ್ದದ್ದೇ. ಸದ್ದು ಕೇಳಿ ಅಪ್ಪ ಒಳಗಿಂದ ಎದ್ದು ಬಂದರು. ಕುರ್ಚಿ ಎಳೆದು ಕೂತು, ‘ಹಾರ್ಡ್ ಡಿಸ್ಕ್ ಎಲ್ಲಿ?’ ಅಂದರು.

ಡಿಸ್ಕ್ ಇನ್ನೂ ಜೋಡಿಸಿಲ್ಲ. ಅದರಲ್ಲಿ ಊರಿನವರ ಪತ್ರಿಕೆಗಳೆಲ್ಲ ಇವೆ. ಮೊದಲು ಪೂರ್ತಿ ಕಾಪಿ ತೆಗೆಯಬೇಕು. ಯುಎಸ್‌ಬಿ ಅಡಾಪ್ಟರ್ ಸಾಕಾಗುತ್ತದಾ?

ಉತ್ತರ 1:
ಡಿಸ್ಕ್ ಎಲ್‌ಬಿಎ (ಡಿಸ್ಕಿನ ಜಾಗಗಳನ್ನು ಒಂದೇ ಸಾಲಿನ ಸಂಖ್ಯೆಗಳಿಂದ ಗುರುತಿಸುವ ವಿಧಾನ) ಇರುವಂಥದ್ದಾದರೆ ಸಾಕು. ಇಲ್ಲದ ಡಿಸ್ಕನ್ನು ಎಷ್ಟೋ ಅಡಾಪ್ಟರ್‌ಗಳು ಗುರುತಿಸುವುದಿಲ್ಲ. ಲೇಬಲ್‌ನ ಫೋಟೋ ಹಾಕಿ, ನೋಡೋಣ.