ಅಪ್‌ಡೇಟ್: ಹತ್ತನೇ ತರಗತಿ ಬೀಳ್ಕೊಡುಗೆಯ ನೆನಪಿನ ಪುಸ್ತಿಕೆ

ಹಾಸನದ ನಮ್ಮ ಹೈಸ್ಕೂಲಿನ ಹತ್ತನೇ ತರಗತಿ ಮಕ್ಕಳಿಗೆ ನೆನಪಿನ ಪುಸ್ತಿಕೆ ಮಾಡೋದು ಹೇಗೆಂದು ಕೇಳಿದ್ದೆ. ಅಚ್ಚಾಗಿ ಬಂತು, ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.

ಮುಂದೆ ಮಾಡುವವರಿಗೆ: ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆಯೋದಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು. 22 ಪುಟವಾದರೆ ಎರಡು ಖಾಲಿ ಉಳಿಯುತ್ತವೆ. ಅವನ್ನು ಆಟೋಗ್ರಾಫ್‌ಗೆ ಬಿಡಿ. ನುಣುಪು ಕಾಗದ ಬೇಡ, ಪೆನ್ನಿನ ಶಾಯಿ ಹರಡುತ್ತೆ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ತರಿಸಿ. ಸುಮ್ಮನೆ ಕಳಿಸಿದರೆ ಗಾತ್ರ ಕುಗ್ಗಿ ಮುಖಗಳು ಮಸುಕಾಗುತ್ತವೆ. 5 ಇಂಚು ಅಗಲವಾಗಿ ಅಚ್ಚಾಗುವ ಫೋಟೊಗೆ ಅಗಲದಲ್ಲಿ 1500 ಪಿಕ್ಸೆಲ್ ಇರಲಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಪಿಡಿಎಫ್ ಮಾಡಿಯೇ ಪ್ರೆಸ್‌ಗೆ ಕೊಡಿ, ಇಲ್ಲದಿದ್ದರೆ ಅಕ್ಷರ ಕೆಡಬಹುದು.

ಎಲ್ಲಕ್ಕಿಂತ ಚಂದ ಬಂದದ್ದು ಮಕ್ಕಳ ಕೈಬರಹದ ಪುಟಗಳು. ಕಪ್ಪು ಪೆನ್ನಲ್ಲೇ ಬರೆಸಿ ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಸರಿಯಾಗಿ ಮೂಡಲ್ಲ.